ಮುಂಜಿ ಮುಗಿಸಿ ಆಸ್ಪತ್ರೆಗೆ ಹೊರಟದ್ದು

೨೦೦೪ರ ಮೇ ಕೊನೆಯ ವಾರ, ಬೆಳಗಿನ ಬಸ್ಸಿಗೆ ಜಯಪುರದಿಂದ ಹೊರಟೆವು: ನಾನು, ತಂಗಿ ಸುಮಿತ್ರ, ಅವಳ ಮಗ ಶ್ರೀಧರ. ಮಾಣಿಗೆ ಏಳು ತುಂಬಿರಲಿಲ್ಲ. ಹೋಗಬೇಕಾದದ್ದು ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ. ಅವನಿಗೆ ಅರ್ಧ ಟಿಕೆಟ್ ಕೇಳಿದೆ.

"ಎಂತ ಮಾರಾಯ್ರೇ, ಮೀಸೆ ಬಂದವನಿಗೆ ಅರ್ಧ ಟಿಕೆಟಾ?" ಎಂದು ಕಂಡಕ್ಟರ್ ನಕ್ಕ.

"ನಾನು ಒಂದನೇ ಕ್ಲಾಸು" ಎಂದ ಮಾಣಿ, ಗಂಡಸಿನ ದನಿಯಲ್ಲಿ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ತೆಪ್ಪಗೆ ಪೂರ್ತಿ ಟಿಕೆಟಿನ ದುಡ್ಡು ಕೊಟ್ಟೆ.

ಇಂಥ ನಗುವಿಗೆ ಹೆದರಿಯೇ ತಡವಾದದ್ದು. ದೀಪಾವಳಿ ಹೊತ್ತಿಗೇ ಅವನ ದನಿ ಒಡೆದಿತ್ತು, ತುಟಿಯ ಮೇಲೆ ಕಪ್ಪು ಮೂಡಿತ್ತು; ಬೆಳಗೆದ್ದರೆ ತಲೆನೋವು, ವಾಂತಿ. ಕೊಪ್ಪದ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು. ಸುಮಿತ್ರ ಮರುದಿನವೇ ಹೊರಟಿದ್ದಳು. ತಡೆದವನು ನಾನು, ಸೋದರಮಾವನೆಂಬ ಗತ್ತಿನಲ್ಲಿ.

"ಮೊದ್ಲು ಮುಂಜಿ ಮುಗೀಲಿ. ಮೀಸೆ ಚಿಗುರಿದವ್ನಿಗೆ ಜನಿವಾರ ಹಾಕಿದ್ರು ಅಂತ ಜನ ಆಡ್ಕೊಳ್ತಾರೆ. ತಲೆಯೊಳಗೆ ಕಾಯಿಲೆ ಅಂತ ಸುದ್ದಿಯಾದ್ರೆ ಮುಗೀತು" ಎಂದೆ.

ಮುಹೂರ್ತ ಸಿಕ್ಕಿದ್ದು ವೈಶಾಖದಲ್ಲಿ. ಅಂದು ತಲೆಕೂದಲ ಜೊತೆಗೇ ಮೀಸೆಯನ್ನೂ ಬೋಳಿಸಿದರು; ವಾರದಲ್ಲೇ ಅದು ಮತ್ತೆ ಚಿಗುರಿತು. ಅವನು ಮಂತ್ರ ಹೇಳಿದ ದನಿಯನ್ನು ನೆಂಟರು ಹೊಗಳಿದಾಗ ನಾನು ಉಬ್ಬಿಹೋಗಿದ್ದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಶೃಂಗೇರಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಹೋಟೆಲಿನಲ್ಲಿ ಇಡ್ಲಿ ಬಿಸಿಯಾಗಿತ್ತು, ಚಟ್ನಿ ವಿಪರೀತ ಖಾರ. ಮಾಣಿಯ ಕೈ ತಟ್ಟೆ ಬಿಟ್ಟು ಮೇಜನ್ನು ತಡಕಾಡಿತು. ಸುಮಿತ್ರ ಅವನ ಬೆರಳಿಗೆ ಇಡ್ಲಿ ಮುಟ್ಟಿಸಿದಳು.

"ಯಾವಾಗಿಂದ ಹಿಂಗೆ?"

"ಮುಂಜಿಗೆ ಮುಂಚಿಂದ್ಲೇ. ನಿಂಗೆ ಹೇಳಿದ್ನಲ್ಲ ಅಣ್ಣ."

ಹೇಳಿದ್ದಳು. ನಿದ್ದೆಗಣ್ಣು ಎಂದು ಗದರಿದ್ದೆ.

ಆಗುಂಬೆ ಘಾಟಿಯಲ್ಲಿ ಅವನು ಎರಡು ಸಲ ವಾಂತಿ ಮಾಡಿದ. ಸಂಜೆಯೊಳಗೆ ಆಸ್ಪತ್ರೆ ಸೇರಿದೆವು. ಮರುದಿನ ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದರು: "ಮೆದುಳಿನಲ್ಲಿ ಗೆಡ್ಡೆ ಇದೆ. ಅದು ಸುರಿಸುವ ಹಾರ್ಮೋನಿನಿಂದಲೇ ಈ ಮೀಸೆ, ಈ ದನಿ. ಚಿಕಿತ್ಸೆ ಇದೆ, ಮಗು ಉಳಿಯಬಹುದು. ಆದರೆ ತಲೆಯೊಳಗೆ ನೀರು ತುಂಬಿ, ಒತ್ತಡಕ್ಕೆ ಕಣ್ಣಿನ ನರ ಹಾಳಾಗಿದೆ. ಹೋದ ದೃಷ್ಟಿ ಬರುವುದಿಲ್ಲ."

ಆಮೇಲೆ ಕೊಪ್ಪದ ಚೀಟಿಯ ತಾರೀಖು ನೋಡಿದರು. "ಇಷ್ಟು ತಿಂಗಳು ಏನು ಮಾಡುತ್ತಿದ್ದಿರಿ?"

"ತಪ್ಪು ನಂದೇ ಡಾಕ್ಟ್ರೇ. ನಂಗೇ ತಿಳೀಲಿಲ್ಲ" ಎಂದಳು ಸುಮಿತ್ರ.

ಅವರು ಅವಳನ್ನೇ ಬೈದರು. ನಾನು ಬಾಯಿ ಬಿಡಲಿಲ್ಲ. ಆಗಲೂ ಬಿಡಲಿಲ್ಲವಲ್ಲ ಎಂಬುದು ಇವತ್ತಿಗೂ ನನ್ನನ್ನು ತಿನ್ನುತ್ತದೆ.

ಮೂರನೆಯ ದಿನ ಅವರಿಬ್ಬರ ಬಟ್ಟೆಬರೆ ತರಲು ನಾನೊಬ್ಬನೇ ಊರಿಗೆ ಹೊರಟೆ. "ಮಾಣಿ, ಬರ್ತೀನೋ" ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಅವನು ನಗುತ್ತಾ ಕೈ ಬೀಸಿದ, ಕಿಟಕಿಯ ಕಡೆಗೆ.