ಲ್ಯಾಬ್ ಅಕ್ಕನ 'ಪರವಾಗಿಲ್ಲ'

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದ ಆ ಹೆಂಗಸನ್ನು ಎಲ್ಲರೂ ಲ್ಯಾಬ್ ಅಕ್ಕ ಎಂದೇ ಕರೆಯುತ್ತಿದ್ದರು. ಬ್ಯೂರೆಟ್ಟು ತೊಳೆಯುವುದು, ಆಸಿಡ್ ಬಾಟಲಿಗಳಿಗೆ ಚೀಟಿ ಅಂಟಿಸುವುದು, ಸ್ಪಿರಿಟ್ ದೀಪಗಳಿಗೆ ಬತ್ತಿ ಹಾಕುವುದು ಅವರ ಕೆಲಸ. ಬೆಳಿಗ್ಗೆ ಬೀಗ ತೆಗೆದು, ಹೊಸ್ತಿಲಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿ, ಇವತ್ತು ಯಾವ ಮಗುವಿನ ಕೈಯೂ ಸುಡದಿರಲಿ ಎಂದು ಬೇಡಿಕೊಂಡೇ ಒಳಗೆ ಕಾಲಿಡುತ್ತಿದ್ದರು.

ಹೊಗಳುವುದು ಮಾತ್ರ ಅವರಿಗೆ ಒಗ್ಗದ ವಿದ್ಯೆ. ತೊಳೆದ ಗಾಜನ್ನು ಬೆಳಕಿಗೆ ಹಿಡಿದು, ಒಂದು ಕಲೆಯೂ ಕಾಣದಿದ್ದರೆ 'ಪರವಾಗಿಲ್ಲ' ಎನ್ನುತ್ತಿದ್ದರು. ಅದಕ್ಕಿಂತ ಮೇಲಿನ ಮೆಟ್ಟಿಲು ಅವರ ಬಾಯಲ್ಲಿ ಇರಲೇ ಇಲ್ಲ.

"ಮದುವೆಯಾಗಿ ಮೂವತ್ತು ವರ್ಷ ಆಯ್ತು, ನಾನಿನ್ನೂ ಪರವಾಗಿಲ್ಲದಲ್ಲೇ ಇದೀನಿ," ಎಂದು ಟೈಲರಾಗಿದ್ದ ಗಂಡ ನೆಂಟರ ಮುಂದೆ ಗೋಳು ತೋಡಿಕೊಳ್ಳುತ್ತಿದ್ದರು.

"ಫೇಲ್ ಅಂತೂ ಮಾಡಿಲ್ವಲ್ಲ!" ಎಂದು ಅಕ್ಕ ಅಡುಗೆಮನೆಯಿಂದಲೇ ತಿರುಗೇಟು ಕೊಡುತ್ತಿದ್ದರು.

ಎರಡನೇ ವರ್ಷದಲ್ಲಿ ಒಬ್ಬ ಹುಡುಗಿ ಇದ್ದಳು. ದನಿ ಏರಿಸಿದವಳೇ ಅಲ್ಲವಾದ್ದರಿಂದ ಗೆಳತಿಯರು ಅವಳಿಗೆ ಮೆತ್ತಗಿ ಎಂದು ಹೆಸರಿಟ್ಟಿದ್ದರು. ಪ್ರ್ಯಾಕ್ಟಿಕಲ್ ಮುಗಿದ ಮೇಲೂ ನಿಂತು ಅಕ್ಕನಿಗೆ ಪಿಪೆಟ್ಟು ಜೋಡಿಸಿಕೊಡುತ್ತಿದ್ದಳು. "ಬಸ್ಸು ತಪ್ಪುತ್ತೆ, ಹೋಗೇ ಮಾರಾಯ್ತಿ," ಎಂದರೆ, "ಇನ್ನೊಂದು ಬರುತ್ತೆ ಬಿಡಿ ಅಕ್ಕ," ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ, ಲೆಕ್ಚರರ್ ಫೋನ್ ಬಂತೆಂದು ಹೊರಗೆ ಹೋಗಿದ್ದಾಗ, ಯಾರದೋ ಕೈತಪ್ಪಿ ಸ್ಪಿರಿಟ್ ಚೆಲ್ಲಿ ಮೇಜಿಗೆ ಬೆಂಕಿ ಹತ್ತಿತು. ಸ್ಟೋರಿನಲ್ಲಿದ್ದ ಅಕ್ಕ ಮರಳಿನ ಬಕೆಟ್ಟು ಹಿಡಿದು ಓಡಿ ಬರುವಷ್ಟರಲ್ಲಿ ಮೆತ್ತಗಿ ಗ್ಯಾಸಿನ ತಿರುಪು ಮುಚ್ಚಿ, ಒದ್ದೆ ಗೋಣಿಚೀಲ ಎಳೆದು ಬೆಂಕಿಯ ಮೇಲೆ ಹೊದಿಸಿದ್ದಳು. ಆಮೇಲೆ ಕಾರಿಡಾರಿಗೆ ಹೋಗಿ, ನೂಕಾಡುತ್ತಿದ್ದವರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ ತಲೆ ಎಣಿಸಿದಳು. ಸ್ಪಿರಿಟ್ ಚೆಲ್ಲಿದ್ದ ಹುಡುಗಿ ಬಿಕ್ಕುತ್ತಿದ್ದಳು. ಮೆತ್ತಗಿ ಅವಳ ಕೈ ಹಿಡಿದುಕೊಂಡು, "ಎಲ್ಲರ ಕೈಲೂ ಆಗುತ್ತೆ ಕಣೇ," ಎಂದಳು. ಸುದ್ದಿ ಮೇಲಕ್ಕೆ ಹೋದರೆ ಅಳುತ್ತಿರುವವಳಿಗೇ ಪೆಟ್ಟು ಎಂದು ಅಕ್ಕ ಮೇಜು ಉಜ್ಜಿ, ಯಾರಿಗೂ ಬಾಯಿ ಬಿಡಲಿಲ್ಲ.

ಅದೇ ವರ್ಷ ಹನ್ನೆರಡು ವಿದ್ಯಾರ್ಥಿಗಳನ್ನು ಹದಿನೈದು ದಿನ ವಿದೇಶಕ್ಕೆ ಕರೆದೊಯ್ಯುವ ಅಧ್ಯಯನ ಪ್ರವಾಸ ನಿಗದಿಯಾಯಿತು. ನಾಯಕತ್ವವನ್ನೂ ಬೇರೆ ಜನರ ಸಂಸ್ಕೃತಿಯನ್ನೂ ಅಲ್ಲಿದ್ದು ಕಲಿತು ಬರುವುದು ಅದರ ಉದ್ದೇಶ. ಹನ್ನೊಂದು ಸೀಟು ತುಂಬಿ, ಕೊನೆಯದಕ್ಕೆ ಇಬ್ಬರು ಉಳಿದರು: ಒಬ್ಬಳು ಮೆತ್ತಗಿ, ಇನ್ನೊಬ್ಬ ಸಭೆ ಎಲ್ಲೇ ಇರಲಿ ಮೈಕು ಕೈಬಿಡದ, ಹಾಗಾಗಿಯೇ ಮೈಕು ಎಂದು ಹೆಸರಾಗಿದ್ದ ಹುಡುಗ. ಅಂಕಗಳೂ ಸರಿಸಮ. ಹೊಸದಾಗಿ ಬಂದಿದ್ದ ಪ್ರಿನ್ಸಿಪಾಲರು, ಮಕ್ಕಳನ್ನು ಹತ್ತಿರದಿಂದ ಕಂಡವರನ್ನೇ ಕೇಳೋಣವೆಂದು ಪಿ.ಟಿ. ಮಾಸ್ತರನ್ನೂ ಲ್ಯಾಬ್ ಅಕ್ಕನನ್ನೂ ಕರೆಸಿದರು.

"ಹುಲಿ ಸಾರ್ ಹುಡುಗ! ಕಳಿಸಿ ನೋಡಿ, ಅಲ್ಲಿಯವರಿಗೇ ಪಾಠ ಹೇಳಿ ಬರ್ತಾನೆ," ಎಂದರು ಮಾಸ್ತರು.

ಪ್ರಿನ್ಸಿಪಾಲರು ಬರೆದುಕೊಂಡು ಅಕ್ಕನ ಕಡೆ ತಿರುಗಿದರು. "ಆ ಹುಡುಗಿ ಹೇಗಮ್ಮ?"

ಅಕ್ಕನ ಕಣ್ಣ ಮುಂದೆ ಆ ಗೋಣಿಚೀಲ, ಆ ಸಾಲು, ಅಳುವವಳ ಕೈ ಹಿಡಿದಿದ್ದ ಕೈ ಎಲ್ಲ ಬಂದು ನಿಂತವು. ಬಾಯಿ ತೆರೆದರೆ ಹೊರಟದ್ದು, "ಪರವಾಗಿಲ್ಲ ಸಾರ್."

"ಸರಿ," ಎಂದು ಅವರು ಬರೆದುಕೊಂಡರು.

ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದಾಗ ಹನ್ನೆರಡನೆಯ ಹೆಸರು ಮೈಕುವಿನದು. ಅಕ್ಕ ಕೈ ಒರೆಸಿಕೊಳ್ಳದೆ ಪ್ರಿನ್ಸಿಪಾಲರ ಕೋಣೆಗೆ ಹೋದರು.

"ನಾನು ಪರವಾಗಿಲ್ಲ ಅಂದಿದ್ದು, ಅವಳಂಥವಳು ಸಿಗೋದೇ ಕಷ್ಟ ಅಂತ ಸಾರ್."

"ಹಾಗಂತ ಆವತ್ತೇ ಅನ್ನೋದಲ್ವೇನಮ್ಮ? ಸುಮಾರು ಅಂತಿದೀರೇನೋ ಅಂದ್ಕೊಂಡೆ. ಹೆಸರುಗಳು ವೀಸಾಗೆ ಹೋಗಿ ವಾರ ಆಯ್ತು."

ಅಕ್ಕ ಗಾಬರಿಯಲ್ಲಿ ಬೆಂಕಿಯ ಕಥೆಯನ್ನೆಲ್ಲ ಹೇಳಿಬಿಟ್ಟರು. ಪ್ರಿನ್ಸಿಪಾಲರ ಪೆನ್ನು ನಿಂತಿತು.

"ಲ್ಯಾಬಲ್ಲಿ ಬೆಂಕಿನಾ? ಯಾವಾಗ? ರಿಪೋರ್ಟ್ ಎಲ್ಲಿ?"

ಮಾರನೆಯ ದಿನ ಅಕ್ಕನ ಕೈಗೆ ಮೆಮೊ ಬಂತು. ಮೂರು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಕಾಗದ ಬರೆದು ರೂಢಿಯಿಲ್ಲದ ಅಕ್ಕ ಟೈಲರ್ ಅಂಗಡಿಯ ಮೇಜಿನ ಮೇಲೆ, ಕತ್ತರಿಸಿದ ಬಟ್ಟೆ ಪಕ್ಕಕ್ಕೆ ಸರಿಸಿ ಬರೆಯಲು ಕೂತರು. ತಪ್ಪೊಪ್ಪಿಗೆ ಎರಡು ಸಾಲಿಗೇ ಮುಗಿಯಿತು. ಉಳಿದ ಒಂದೂವರೆ ಪುಟ ಆ ಹುಡುಗಿ ಏನೇನು ಮಾಡಿದಳೆಂಬುದೇ. ಗಂಡ ಓದಿ ಕನ್ನಡಕ ತೆಗೆದರು.

"ಇಷ್ಟೆಲ್ಲ ನಿನ್ನೊಳಗೇ ಇತ್ತೇನೇ?"

"ದೇವರಿಗೆ ಗೊತ್ತಿದೆಯಲ್ಲ ಅಂತ ಸುಮ್ಮನಿದ್ದೆ," ಎಂದರು ಅಕ್ಕ.

"ಸೀಟು ಕೊಡೋನು ದೇವರಲ್ವಲ್ಲೇ," ಎಂದರು ಗಂಡ. ಈ ಸಲ ನಗಲಿಲ್ಲ.

ಮೆಮೊ ಎಚ್ಚರಿಕೆಯಲ್ಲಿ ಮುಗಿಯಿತು. ಪಟ್ಟಿ ಬದಲಾಗಲಿಲ್ಲ. ಹನ್ನೆರಡು ಮಂದಿ ವಿಮಾನ ಹತ್ತಿದ ದಿನ ಎಂದಿನಂತೆ ಪ್ರ್ಯಾಕ್ಟಿಕಲ್ ನಡೆಯಿತು. ಮುಗಿದ ಮೇಲೆ ಅಕ್ಕ ಮೆತ್ತಗಿಯನ್ನು ಸ್ಟೋರಿಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು.

"ನಿನ್ನ ಸೀಟು ಹೋಗಿದ್ದು ನನ್ನಿಂದ ಕಣಮ್ಮ," ಎಂದು, ಪ್ರಿನ್ಸಿಪಾಲರ ಮುಂದೆ ಆಡಿದ ಮಾತನ್ನು ಆಡಿದ ಹಾಗೆಯೇ ಹೇಳಿದರು. ಮೆಮೊಗೆ ಬರೆದ ಉತ್ತರದ ನಕಲನ್ನೂ ಕೊಟ್ಟರು.

ಹುಡುಗಿ ನಿಧಾನವಾಗಿ ಓದಿದಳು. ಮುಗಿಸಿ, ಮತ್ತೆ ಮೊದಲಿಂದ ಓದಿದಳು.

"ನೀವು ನನ್ನ ಬಗ್ಗೆ ಹೀಗೆ ಅಂದ್ಕೊಂಡಿದ್ರಾ ಅಕ್ಕ?"

"ಹೌದು ಕಣೇ."

"ಪಿಪೆಟ್ಟು ಜೋಡಿಸೋಕೆ ನನಗೇನು ಹುಚ್ಚಾ? ನಿಮ್ಮ ಬಾಯಿಂದ ಒಂದು ಒಳ್ಳೆ ಮಾತು ಬೀಳುತ್ತೇನೋ ಅಂತ ಎರಡು ವರ್ಷದಿಂದ ಬಸ್ಸು ಬಿಡ್ತಾ ಇದೀನಿ," ಎಂದಳು. ದನಿ ಆಗಲೂ ಏರಲಿಲ್ಲ.

ವಿಮಾನವೊಂದೇ ಅಲ್ಲ, ಇನ್ನೂ ಏನೇನು ಈ ಮಗುವಿಗೆ ತನ್ನಿಂದ ತಪ್ಪಿತೋ ಎಂದು ಎಣಿಸಲು ಹೋದ ಅಕ್ಕನಿಗೆ ಅದು ಎಣಿಕೆಗೇ ಸಿಗಲಿಲ್ಲ. ಹುಡುಗಿ ಕಾಗದವನ್ನು ನಾಲ್ಕಾಗಿ ಮಡಿಸಿ, "ಇದು ನನಗಿರಲಿ," ಎಂದಳು. ಅಕ್ಕ ತಲೆಯಾಡಿಸಿದರು. ಅವಳು ಅದನ್ನು ರೆಕಾರ್ಡ್ ಪುಸ್ತಕದೊಳಗಿಟ್ಟು, ಚೀಲ ಹೆಗಲಿಗೇರಿಸಿ, ಮೊದಲ ಬಸ್ಸಿಗೇ ಹೊರಟಳು.