ಹದಿನೆಂಟು ಪೌಂಡಿನ ಸಿಳ್ಳೆ

ನೌಬಾದದ ನನ್ನ ಗ್ಯಾರೇಜಿಗೆ ಬರುವವರೆಲ್ಲ ಕೇಳುವುದು ಒಂದೇ, ಗಾಡಿ ಇನ್ನೂ ಜೋರಾಗಿ ಎಳೆಯಬೇಕು. ಹೊಲಕ್ಕೆ ಹೋಗುವ ಹಳೆಯ ಡೀಸೆಲ್ ಜೀಪಿನವರೂ ಬರುತ್ತಾರೆ, ಮದುವೆ ಇದ್ದರೆ ಮಾತ್ರ ಗಾಡಿ ತೊಳೆಯುವವರೂ ಬರುತ್ತಾರೆ. ಟರ್ಬೊ ಎಂದರೆ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಸಣ್ಣ ಪಂಖ. ಎಷ್ಟು ಒತ್ತಬೇಕು ಎಂದು ಗೊತ್ತುಮಾಡುವುದೇ ನನ್ನ ಕಸುಬು. ಟೈರಿನ ಗಾಳಿಯಂತೆ ಅದನ್ನೂ ನಾವು ಪೌಂಡಿನಲ್ಲೇ ಹೇಳುತ್ತೇವೆ. ನನ್ನ ಬಳಿ ಬರುವ ಗಾಡಿಗಳು ಹದಿನಾಲ್ಕರಲ್ಲಿ ಬರುತ್ತವೆ, ಹದಿನೆಂಟರಲ್ಲಿ ಹೋಗುತ್ತವೆ. ಇಪ್ಪತ್ತೆರಡು ಮಾಡು ಎನ್ನುವವರಿಗೆ ಬೇರೆ ಗ್ಯಾರೇಜಿನ ದಾರಿ ತೋರಿಸುತ್ತೇನೆ. ಮೊದಲಿನಿಂದಲೂ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ಆದರೆ ಈ ಹದಿನೆಂಟು ನನ್ನ ಲೆಕ್ಕವಲ್ಲ, ಪಪ್ಪನದು. ಪಪ್ಪ ಮಿಷನ್ ಸಾಲೆಯಲ್ಲಿ ಮಾಸ್ತರರಾಗಿದ್ದರು. ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು, ಗಾಯನ ತಂಡಕ್ಕೆ ಹಾಡು ಕಲಿಸುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಶನಿವಾರ ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗ್ಯಾರೇಜಿಗೆ ಬರತೊಡಗಿದರು. ಗ್ರೀಸಿನ ನಡುವೆ ಬಿಳಿ ಅಂಗಿ ಯಾಕೆ ಎಂದು ನಾನು ರೇಗಿಸಿದರೆ, ಹೊರಗೆ ಹೊರಟವನು ಹೊರಗೆ ಹೊರಟಂತೆ ಕಾಣಬೇಕು ಎನ್ನುತ್ತಿದ್ದರು. ಒಂದು ಶನಿವಾರ ನಾನು ಜೀಪನ್ನು ಓಡಿಸಿ ನೋಡುವಾಗ ಪಕ್ಕದಲ್ಲಿ ಕೂತಿದ್ದವರು ಟರ್ಬೊದ ಸಿಳ್ಳೆ ಕೇಳಿ, ಇದು ಕರಿ ನಾಲ್ಕು ಎಂದರು. ಹಾರ್ಮೋನಿಯಂನ ಕರಿ ಮನೆಗಳಲ್ಲಿ ನಾಲ್ಕನೆಯದು. ಬಹಳ ಮೇಲಿನ ಸಪ್ತಕದಲ್ಲಿತ್ತಂತೆ, ಆದರೆ ಸ್ವರ ಅದೇ ಅಂತೆ. ಗಾಳಿಯ ಒತ್ತಡ ಏರಿದಂತೆ ಪಂಖದ ವೇಗ ಏರುತ್ತದೆ, ವೇಗ ಏರಿದಂತೆ ಸಿಳ್ಳೆಯ ಸ್ವರವೂ ಏರುತ್ತದೆ. ನಾನು ಮೀಟರ್ ಹಚ್ಚಿ ನೋಡಿದೆ. ಪಪ್ಪ ಕರಿ ನಾಲ್ಕು ಎಂದಾಗಲೆಲ್ಲ ಮುಳ್ಳು ಹದಿನೆಂಟರ ಮೇಲೆ ನಿಂತಿರುತ್ತಿತ್ತು.

ಅಲ್ಲಿಗೇ ನಿಲ್ಲಿಸು ಎಂದವರೂ ಅವರೇ. "ಹಾಡಿನಾಗ ಸುರ ಏರಸೋದು ದೊಡ್ಡ ಮಾತಲ್ಲ. ಹಿಂದಿನ ಸಾಲಿನಾಗ ಹಾಡೋ ಕಸುವಿಲ್ಲದ ದನಿಯವ್ರಿಗೆ ಎಲ್ಲೀ ತನಕ ಮುಟ್ತದ, ಅಲ್ಲೀ ತನಕ ಏರಸ್ಬೇಕು" ಎಂದರು. ಎಂಜಿನ್ನಿನಲ್ಲಿ ಹಿಂದಿನ ಸಾಲಿನವರು ಯಾರು ಎಂದು ನಾನು ಬಿಚ್ಚಿ ಬಿಚ್ಚಿ ಕಲಿತವನು. ಪಿಸ್ಟನ್ ತಡೆದುಕೊಂಡರೂ ಎಂಜಿನ್ನಿನ ತಲೆಯ ಕೆಳಗಿರುವ ತೆಳ್ಳಗಿನ ಗ್ಯಾಸ್ಕೆಟ್ ತಡೆದುಕೊಳ್ಳುವುದಿಲ್ಲ.

ಅಂದಿನಿಂದ ನಮ್ಮದೊಂದು ಪದ್ಧತಿಯಾಯಿತು. ಒತ್ತಡ ಹೆಚ್ಚಾದರೆ ತೆರೆದುಕೊಳ್ಳುವ ಸಣ್ಣ ಬಾಗಿಲೊಂದು ಟರ್ಬೊದಲ್ಲಿರುತ್ತದೆ. ಅದು ತಡವಾಗಿ ತೆರೆಯಲಿ ಎಂದು ಅದರ ಸರಳನ್ನು ಬೇಕೆಂದೇ ಕೊಂಚ ಹೆಚ್ಚು ಬಿಗಿ ಮಾಡಿ, ಭಾಲ್ಕಿ ರಸ್ತೆಯ ಒಂದು ಏರಿನಲ್ಲಿ, ಮೂರನೇ ಗೇರಿನಲ್ಲಿ, ಪೂರ್ತಿ ಕಾಲೊತ್ತಿ ಹೋಗುವುದು. ಎಡಗಡೆ ಪಪ್ಪ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಸ್ವರ ಮುಟ್ಟಿದ ಕೂಡಲೇ ಬೆರಳಿನಿಂದ ಡ್ಯಾಶ್‌ಬೋರ್ಡ್ ತಟ್ಟುತ್ತಿದ್ದರು. ನಾನು ಕಾಲು ತೆಗೆದು, ಗಾಡಿ ನಿಲ್ಲಿಸಿ, ಸರಳನ್ನು ಬೇಕಾದಷ್ಟು ಸಡಿಲಿಸುತ್ತಿದ್ದೆ. ಮೀಟರು ಕಪಾಟು ಸೇರಿತು. ಮಾಸ್ತರರ ಕಿವಿ ಇರುವಾಗ ಮೀಟರ್ ಯಾಕೆ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಕೆಲಸ ಮುಗಿದ ಮೇಲೆ ಅದೇ ರಸ್ತೆಯ ಹೋಟೆಲಿನಲ್ಲಿ ಮಿರ್ಚಿ ಭಜಿ, ಚಹಾ. ವಾರಕ್ಕೊಮ್ಮೆ ನಾವಿಬ್ಬರೂ ಮಾತಾಡುತ್ತಿದ್ದದ್ದು ಅಲ್ಲೇ. ಮನೆಯಲ್ಲಿ ನಮಗೆ ಮಾತು ಕಡಿಮೆ.

ಹೀಗೆ ಎಷ್ಟೋ ವರ್ಷ ನಡೆಯಿತು. ನನ್ನ ಬಳಿ ಬರುತ್ತಿದ್ದ ಗಾಡಿಗಳು ಹೆಚ್ಚುಕಡಿಮೆ ಒಂದೇ ಜಾತಿಯ ಎಂಜಿನ್ನಿನವು. ಬರಬರುತ್ತ ಪಪ್ಪ ಕಣ್ಣು ಮುಚ್ಚಿದಾಗ ತುಟಿ ಅಲುಗುವುದನ್ನು ಗಮನಿಸಿದ್ದೆ. ಯಾವುದೋ ಕೀರ್ತನೆ ಗುನುಗುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ.

ಭಾಲ್ಕಿ ತಾಲೂಕಿನ ಸಾಯಗಾಂವದ ರೈತರೊಬ್ಬರು ತಮ್ಮ ಜೀಪನ್ನು ತಂದ ಶನಿವಾರ ಭಾಲ್ಕಿ ರಸ್ತೆಯಲ್ಲಿ ಡಾಂಬರಿನ ಕೆಲಸ ನಡೆದಿತ್ತು. ಔರಾದ ಕಡೆಯ ಚಿಂತಾಕಿಯಲ್ಲಿ ನಮ್ಮ ಬೀಗರಿದ್ದಾರೆ, ಔರಾದ ರಸ್ತೆಗೆ ಹೋಗೋಣ, ಹಾಗೆಯೇ ಅವರಿಗೂ ಗಾಡಿ ತೋರಿಸಿ ಬರೋಣ ಎಂದರು ಆ ರೈತರು. ಪಪ್ಪನಿಗೆ ಮನಸ್ಸಿರಲಿಲ್ಲ. ಮುಂದಿನ ವಾರ ಹೋದರಾಯಿತು, ಭಾಲ್ಕಿ ರಸ್ತೆಯೇ ಒಳ್ಳೆಯದು ಎಂದು ಎರಡು ಸಲ ಹೇಳಿದರು. ಭಜಿ ತಪ್ಪುತ್ತದೆ ಎಂಬ ಸಂಕಟ ಅದು ಎಂದು ನಾನು ನಗೆಯಾಡಿದೆ. ಪಪ್ಪನೂ ನಕ್ಕು ಗಾಡಿ ಹತ್ತಿದರು.

ಮಾಂಜ್ರಾ ನದಿಯ ಸೇತುವೆ ದಾಟಿ ಏರು ಸಿಕ್ಕಿತು. ಭಾಲ್ಕಿ ರಸ್ತೆಯದಕ್ಕಿಂತ ಕಡಿದಾದ ಏರು. ಹೊರೆ ಹೆಚ್ಚಿದ್ದರೆ ಟರ್ಬೊ ಬೇಗ ತುಂಬುತ್ತದೆ, ಅದು ನನಗೆ ಗೊತ್ತಿದ್ದದ್ದೇ. ಕಾಲೊತ್ತಿದೆ. ಸಿಳ್ಳೆ ಏರಿತು, ಇನ್ನೂ ಏರಿತು. ನನ್ನದು ಸ್ವರ ತಿಳಿಯದ ಕಿವಿ, ಆದರೂ ಇದು ಎಂದಿನದಲ್ಲ ಎಂದು ನನಗೂ ಕೇಳಿತು. ಎಡಕ್ಕೆ ನೋಡಿದೆ. ಪಪ್ಪ ಕಣ್ಣು ಮುಚ್ಚಿದ್ದರು, ತುಟಿ ಅಲುಗುತ್ತಿತ್ತು. ಬೆರಳು ಬೀಳಲಿ ಎಂದು ಕಾದೆ. ಗ್ಯಾಸ್ಕೆಟ್ ಒಡೆದು ಮುಂದಿನಿಂದ ಪಟ್ ಎಂದು ಸದ್ದಾಯಿತು, ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಅದಾದ ಮೇಲೆ ಪಪ್ಪನ ಬೆರಳು ಡ್ಯಾಶ್‌ಬೋರ್ಡ್ ತಟ್ಟಿತು.

ಹಿಂದಿನ ಸೀಟಿನಲ್ಲಿ ಗಾಡಿಯ ಯಜಮಾನರು ಕೂತಿದ್ದರು. ಅವರೆದುರಿಗೇ ನಾನು ಹರಿಹಾಯ್ದೆ. "ಕಿವಿ ಸತ್ತಾವೇನ್ರಿ ನಿಮ್ಮವು? ಕುಂತಲ್ಲೇ ನಿದ್ದಿ ಹೊಡೀತೀರೇನು?"

ಪಪ್ಪ ಒಮ್ಮೆ ಹಿಂದೆ ತಿರುಗಿ ನೋಡಿ, ಮತ್ತೆ ಮುಂದೆ ನೋಡಿದರು. "ಹೌದಪ್ಪ, ಜರಾ ಕಣ್ಣ ಹತ್ತಿತ್ತು" ಎಂದರು.

ಆ ರೈತರು ದೊಡ್ಡ ಮನಸ್ಸಿನವರು. ಕಬ್ಬಿಣ ತಾನೇ, ಮತ್ತೆ ಮಾಡಿದರಾಯಿತು, ಹಿರಿಯರಿಗೆ ಯಾಕೆ ಅನ್ನುತ್ತೀರಿ ಎಂದು ನನಗೇ ಬುದ್ಧಿ ಹೇಳಿದರು. ಗಾಡಿಯನ್ನು ಎಳೆಸಿಕೊಂಡು ನೌಬಾದಕ್ಕೆ ಬಂದೆವು. ಸರಳು ಬಿಗಿ ಮಾಡಿದವನು ನಾನು, ಮೀಟರ್ ಹಚ್ಚದವನು ನಾನು, ಕಿವಿಗೆ ಕೇಳಿದ್ದನ್ನು ಬಿಟ್ಟು ಬೆರಳಿಗೆ ಕಾದವನೂ ನಾನು. ಇದೆಲ್ಲ ಅವತ್ತೇ ಗೊತ್ತಿತ್ತು. ಆದರೂ ಒಪ್ಪಿಕೊಳ್ಳಲಿಲ್ಲ.

ಮುಂದಿನ ಶನಿವಾರ ಪಪ್ಪ ಬಂದಾಗ ಗಾಡಿಯಲ್ಲಿ ಮೀಟರ್ ಹಚ್ಚಿತ್ತು. ಅದನ್ನು ನೋಡಿ, ಚಲೋ ಮಾಡಿದಿ ಎಂದು ಬೆಂಚಿನ ಮೇಲೆ ಕೂತರು. ನಾನು ಭಾಲ್ಕಿ ರಸ್ತೆಗೆ ಒಬ್ಬನೇ ಹೋದೆ. ಹಿಂದಿರುಗಿ ಬಂದಾಗಲೂ ಅವರು ಅಲ್ಲೇ ಕೂತಿದ್ದರು. ಎಡಗಡೆಯ ಸೀಟು ಖಾಲಿಯೇ ಇತ್ತು, ಬರ್ರಿ ಎಂಬ ಒಂದು ಮಾತು ಸಾಕಿತ್ತು. ಅವರು ಕೇಳಲಿ ಎಂದು ನಾನು, ನಾನು ಕರೆಯಲಿ ಎಂದು ಅವರು. ಇನ್ನೂ ನಾಲ್ಕೈದು ಶನಿವಾರ ಬಂದರು. ಆಮೇಲೆ ಬರುವುದನ್ನು ಬಿಟ್ಟರು. ನನ್ನ ಸಿಟ್ಟು ಯಾವಾಗಲೋ ಇಳಿದಿತ್ತು, ಬಿಂಕ ಇಳಿದಿರಲಿಲ್ಲ. ವರ್ಷ ತುಂಬುವುದರೊಳಗೆ ಪಪ್ಪ ತೀರಿಕೊಂಡರು. ಒಂದು ವಾರ ಜ್ವರ ಬಂದಿತ್ತು, ಅಷ್ಟೇ.

ಅವರ ಪೆಟ್ಟಿಗೆ ತೆಗೆದವಳು ನನ್ನ ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸ್. ಕೀರ್ತನೆಗಳ ಪುಸ್ತಕದೊಳಗೆ ಮಡಚಿಟ್ಟ ಕಾಗದವೊಂದನ್ನು ಬಿಡಿಸಿ ನೋಡಿ ನನ್ನ ಕೈಗೆ ಕೊಟ್ಟಳು. ಅದು ಕಿವಿ ಪರೀಕ್ಷೆಯ ಚೀಟಿ. ಔರಾದ ರಸ್ತೆಯ ಆ ದಿನಕ್ಕಿಂತ ಮೂರು ವರ್ಷ ಹಿಂದಿನದು. ಮಾತು ಕೇಳುವಷ್ಟು ಕಿವಿ ಚೆನ್ನಾಗಿಯೇ ಇತ್ತು, ಅದಕ್ಕೇ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ ಎಂದಳು. ವಯಸ್ಸಾದಂತೆ ಮೊದಲು ಹೋಗುವುದು ಬಹಳ ಮೇಲಿನ ಸ್ವರಗಳಂತೆ. "ಸಿಳ್ಳಿ ಅವ್ರಿಗೆ ಕೇಳೂದೇ ನಿಂತಿತ್ರಿ" ಎಂದಳು.

ಹಾಗಾದರೆ ಮೂರು ವರ್ಷ ಬೆರಳು ಸರಿಯಾಗಿ ಬಿದ್ದದ್ದು ಹೇಗೆ? ಅದೇ ಪುಸ್ತಕದಲ್ಲಿ ಸಾಲೆಯ ಡೈರಿಯಿಂದ ಹರಿದ ಹಾಳೆಯೊಂದಿತ್ತು. ಹಾಡು ಕಲಿಸುವವರು ತಾಳ ಎಣಿಸುವಂತೆ ಪಪ್ಪ ಎಣಿಸುತ್ತಿದ್ದರು. ನಾನು ಕಾಲೊತ್ತಿದಲ್ಲಿಂದ ಏಳು ಎಣಿಕೆ. ಒಂದೇ ಏರು, ಒಂದೇ ಗೇರು, ಒಂದೇ ಜಾತಿಯ ಎಂಜಿನ್. ಕೇಳದ ಸಿಳ್ಳೆಯನ್ನು ಎಣಿಸಿ ಎಣಿಸಿ ಎಡಗಡೆಯ ಆ ಸೀಟನ್ನು ಉಳಿಸಿಕೊಂಡಿದ್ದರು. ಆ ರೈತರ ಮುಂದೆ ನಿದ್ದೆ ಬಂದಿತ್ತು ಎಂದು ಸುಳ್ಳು ಹೇಳಿದ್ದೂ ಅದಕ್ಕೇ. ನಿದ್ದೆ ಮಾಡಿದವನನ್ನು ಮತ್ತೊಮ್ಮೆ ಕರೆದುಕೊಂಡು ಹೋಗಬಹುದು, ಕಿವಿ ಹೋದವನನ್ನು ಯಾರು ಕರೆದುಕೊಂಡು ಹೋಗುತ್ತಾರೆ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಸಾಲೆಯಲ್ಲಿ ನನಗೆ ಬರೆಸಿದವರು ಅವರೇ.

ಹಾಳೆಯಲ್ಲಿ ಎರಡೇ ಸಾಲು, ಮಾಸ್ತರರ ದುಂಡನೆಯ ಅಕ್ಷರದಲ್ಲಿ. ಮೇಲಿನ ಸಾಲು: ಭಾಲ್ಕಿ ರಸ್ತೆ, ಮೂರನೇ ಗೇರು, ಏಳು. ಕೆಳಗಿನದರ ಮಸಿ ಬೇರೆ, ಎಂಜಿನ್ ಹೋದ ಮೇಲೆ ಬರೆದದ್ದು: ಔರಾದ ರಸ್ತೆ, ಇನ್ನೊಮ್ಮೆ ಕರೆದುಕೊಂಡು ಹೋದಾಗ ಎಣಿಸಬೇಕು.