ಆನೆ ಬಂದಾಗ ಏಳಲಾಗದ ಕಾಲು

ಸಂಧಿವಾತ ಹಿಡಿದ ಮೇಲೆ ನಾನು ದಿನವೂ ಸಂಜೆ ಕೊಟ್ಟಿಗೆಹಾರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಡುತ್ತಿದ್ದೆ. ನೋವು ಸಡಿಲವಾಗುತ್ತಿತ್ತು. ಆದರೆ ಯಾರಾದರೂ ಎತ್ತದೆ ಏಳಲು ಆಗುತ್ತಿರಲಿಲ್ಲ.

ಒಂದು ಸಂಜೆ ಕಾಫಿ ಗಿಡಗಳ ನಡುವಿನಿಂದ ಒಂಟಿ ಆನೆಯೊಂದು ಬಂದು ಅಂಗಳದ ಹಲಸಿನ ಮರದಡಿ ನಿಂತಿತು. ಹೆಂಡತಿ ನನ್ನ ತೋಳು ಹಿಡಿದು ಎಳೆದಳು. ಮಂಡಿ ಬಿಗಿದುಕೊಂಡಿತ್ತು.

"ನನ್ ಕೈಲಿ ಆಗಲ್ಲ. ನೀನು ಒಳಗೆ ಹೋಗು," ಎಂದೆ.

"ಸುಮ್ನೆ ಕೂತ್ಕಳಿ," ಎಂದು ಪಿಸುಗುಟ್ಟಿ ಅವಳೂ ಪಕ್ಕದಲ್ಲೇ ಕುಳಿತಳು.

ಆನೆ ನಿಧಾನವಾಗಿ ಹಣ್ಣು ತಿನ್ನುತ್ತಿತ್ತು. ನೀರು ತಣ್ಣಗಾಗಿ ನೋವು ಮತ್ತೆ ಏರಿದರೂ ಕಾಲು ಅಲುಗಿಸಲು ಹೆದರಿದೆ. ಕತ್ತಲಾಗುವ ಹೊತ್ತಿಗೆ ಅದು ತೋಟಕ್ಕೆ ಇಳಿದುಹೋಯಿತು.

ಈಗ ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಕಾಲಿಗೆ ಶಾಖ ಕೊಡುತ್ತೇನೆ. ನೋವು ಇಳಿಯುತ್ತದೆ, ಉಸಿರು ಮಾತ್ರ ಕಟ್ಟಿದಂತಾಗುತ್ತದೆ.